ಹೊಸ್ತಿಲ ಹಳದಿ

ಗೋಡೆಗೆ ಹಳದಿ ಬಳಿಯುವುದಿಲ್ಲ ಎಂದು ಶಿವಲೀಲಾ ಹೇಳಿದಾಗ ಉಮಾಪತಿ ಸಿಟ್ಟಾಗಲಿಲ್ಲ. ಎದ್ದು ಹೋಗಿ ಟೇಬಲ್ ಫ್ಯಾನಿನ ಮುಖವನ್ನು ಅವಳ ಕಡೆ ತಿರುಗಿಸಿ ಬಂದು ಕೂತರು. ಸಿಟ್ಟು ಬರುವಂತಾದಾಗ ಎದುರಿಗಿದ್ದವರಿಗೆ ಗಾಳಿ ಬಿಡುವುದು ಅವರ ಅಭ್ಯಾಸ.

"ನೋಡವ್ವ, ಊರು ಭಾಳ ಛಲೋ ಆಗೇತಿ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಆಡೋರು ಅದ್ರಾಗ ಹೊಕ್ಕವರು ಹೊರಗ ಬರವಲ್ರು. ಯಾವ ಬಾಗಿಲಾ ತೆರೀತೈತಿ, ಯಾವುದು ತೆರೆಯಂಗಿಲ್ಲ, ಅವರಿಗೆ ಗೊತ್ತಾಗಬೇಕಲ್ಲ?"

ಗಂಗಾವತಿಯಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಯಲಬುರ್ಗಾದ ಉಮಾಪತಿ ಹೈದರಾಬಾದಿನಲ್ಲಿ ವಿಡಿಯೋ ಗೇಮ್ ಮಾಡುವ ಕೆಲಸ ಕಲಿತು, ತಿರುಗಿ ಬಂದು ಇಲ್ಲಿ ತಮ್ಮದೇ ಒಂದು ಸಣ್ಣ ತಂಡ ಕಟ್ಟಿದ್ದರು. ಕಳೆದುಹೋದ ಮೇಕೆಯನ್ನು ಹುಡುಕುತ್ತ ಒಬ್ಬ ಹುಡುಗಿ ಊರಿಂದೂರಿಗೆ ತಿರುಗುವ ಆಟ ಅವರು ಮಾಡುತ್ತಿದ್ದದ್ದು. ಹುಡುಗಿ ನಡೆಯುವಂತೆ, ಬಾಗಿಲು ತೆರೆಯುವಂತೆ ಪ್ರೋಗ್ರಾಂ ಬರೆಯುವವನು ಕುಷ್ಟಗಿಯ ರುದ್ರೇಶ. ಕಣ್ಣಿಗೆ ಕಾಣುವುದೆಲ್ಲ ಶಿವಲೀಲಾಳದು. ಕಲ್ಲು, ಮಣ್ಣು, ಮಾಡಿನ ಮೇಲಿನ ಹುಲ್ಲು, ಬಾವಿಯ ದಂಡೆಯಲ್ಲಿ ಹಗ್ಗ ಕೊರೆದ ಗೀರು, ಎಲ್ಲದರ ಚಿತ್ರವನ್ನೂ ಅವಳೇ ಬರೆಯಬೇಕು.

ಗೋಡೆ ನೋಡುವುದಕ್ಕೂ ಪಗಾರ ಸಿಗುತ್ತದೆಂದು ಅವಳಿಗೆ ಮೊದಲು ಗೊತ್ತಿರಲಿಲ್ಲ. ಚಿಕ್ಕಂದಿನಿಂದಲೂ ನೋಡುತ್ತಲೇ ಬಂದಿದ್ದಳು. ಕಟ್ಟೆಯ ಮೇಲೆ ಕೂತವರು ತಲೆ ಆನಿಸಿ ಆನಿಸಿ ಗೋಡೆಗೆ ಅಂಟಿದ ಎಣ್ಣೆಯ ಕಲೆ, ದೀಪದ ಗೂಡಿನ ಮೇಲಿನ ಮಸಿ. ಬಾಗಿಲ ಚೌಕಟ್ಟು ದೊಡ್ಡವರ ಕೈಯೆತ್ತರದಲ್ಲಿ ಒಂದು ಕಡೆ ಹೊಳೆಯುತ್ತದೆ, ಮಕ್ಕಳ ಕೈಯೆತ್ತರದಲ್ಲಿ ಇನ್ನೊಂದು ಕಡೆ. ಅವಳು ಬರೆದ ಊರಿನಲ್ಲಿ ಮಕ್ಕಳಿರುವ ಮನೆಗಳ ಚೌಕಟ್ಟಿಗೆ ಮಾತ್ರ ಆ ಎರಡನೆಯ ಹೊಳಪಿತ್ತು. ಅದನ್ನು ಯಾರೂ ಗಮನಿಸಲಿಕ್ಕಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಬೆಳಿಗ್ಗೆ ಆ ಚೌಕಟ್ಟುಗಳನ್ನು ತೆರೆದು ಕೂತರೆ ಊಟದ ಡಬ್ಬಿ ಮರೆತುಹೋಗುತ್ತಿತ್ತು. ರುದ್ರೇಶ ಬಂದು ಡಬ್ಬಿಯ ಮುಚ್ಚಳ ತೆಗೆದು, ರೊಟ್ಟಿ ಅವಳ ಕೈಗೆ ತಗಲುವಂತೆ ಇಟ್ಟು ಹೋಗುತ್ತಿದ್ದ.

ಆಟವನ್ನು ಹೊರದೇಶಗಳಿಗೆ ತಲುಪಿಸುವ ಕಂಪನಿಯವರು, ಅದನ್ನು ಎಂದೂ ನೋಡದವರನ್ನು ಕೂರಿಸಿ ಆಡಿಸಿ, ವಿಡಿಯೋ ತೆಗೆದು ಕಳಿಸಿದ್ದರು. ಯಾವುದೋ ದೇಶದ ಒಬ್ಬ ಗಡ್ಡದವನು ಶಿವಲೀಲಾಳ ಊರಿನ ಓಣಿಯಲ್ಲಿ ಬಾಗಿಲಿಂದ ಬಾಗಿಲಿಗೆ ತಿರುಗಿದ. ಎಲ್ಲ ಬಾಗಿಲೂ ಅವನಿಗೆ ಒಂದೇ. ಕಡೆಗೆ ಹೆಡ್‌ಫೋನ್ ತೆಗೆದಿಟ್ಟು ಏನೋ ಅಂದ. ಭಾಷೆ ತಿಳಿಯದಿದ್ದರೂ, ಕಡೆಯ ಬಸ್ಸು ತಪ್ಪಿಸಿಕೊಂಡವರ ದನಿ ಅದೆಂದು ಎಲ್ಲರಿಗೂ ತಿಳಿಯಿತು.

"ಎಲ್ಲಾ ಆಟದಾಗೂ ಮಾಡ್ತಾರ," ಎಂದರು ಉಮಾಪತಿ. "ಹತ್ತೋ ಗೋಡಿಗೆ, ತೆರೆಯೋ ಬಾಗಿಲಿಗೆ ಒಂದೊಂದು ಹಳದಿ ಪಟ್ಟಿ ಎಳೀತಾರ. ಆಡೋರಿಗೆ ರೂಢಿ ಆಗೇತಿ."

"ಈ ಊರಾಗ ಹಳದಿ ಪೇಂಟು ಯಾರು ತಂದ್ರು ಅಂತ ಹೇಳ್ಲಿರಿ ಸರ್?" ಎಂದಳು ಶಿವಲೀಲಾ. "ಮದುವಿ ಮನ್ಯಾಗ ಊಟದ ಪಂಕ್ತಿ ಎಲ್ಲೈತಿ ಅಂತ ಗೋಡಿ ಮ್ಯಾಲೆ ಬಾಣ ಹಾಕಿದಂಗ ಕಾಣತೈತಿ."

"ಬಾಣ ಇರಲಿಕ್ಕಂದ್ರ ನಾನು ಎಷ್ಟೋ ಸಲ ಅಡಗಿ ಮನಿಗೇ ಹೊಕ್ಕೇನಿ," ಎಂದ ರುದ್ರೇಶ.

ಉಮಾಪತಿ ನಗಲಿಲ್ಲ. "ಇನ್ನೊಂದು ಸಲ ಆಡಿಸಿ ನೋಡ್ತಾರಂತ. ಆಗಲೂ ಹಿಂಗ ಆದ್ರ ನಿನ್ನ ಊರು ತಗದು ರೆಡಿಮೇಡ್ ಊರು ಹಾಕ್ರಿ ಅಂದಾರ."

ಆ ರೆಡಿಮೇಡ್ ಊರನ್ನು ಅವಳು ನೋಡಿದ್ದಳು. ಇಂಟರ್ನೆಟ್ಟಿನಲ್ಲಿ ಸಿದ್ಧವಾಗಿ ಸಿಗುವ, ಯಾವ ಸೀಮೆಗೂ ಸೇರದ ಊರು. ಬಾವಿಯಿತ್ತು, ಹಗ್ಗವಿರಲಿಲ್ಲ.

"ತಗಿಯೂದು ಬ್ಯಾಡ್ರಿ," ಎಂದಳು. "ನಾ ದಾರಿ ಹುಡುಕ್ತೀನಿ."

*

ಮರುದಿನ ಶುಕ್ರವಾರ. ಶಿವಲೀಲಾ ಚಹಾದ ಕಪ್ಪು ಹಿಡಿದು ಮನೆಯ ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದಳು. ತಾಯಿ ಕಳಕಮ್ಮ ಅಂಗಳದಲ್ಲಿ ಪಕ್ಕದ ಮನೆಯ ಕಾಸೀಮಬೀಯ ಜೊತೆ ಮಾತಿಗೆ ನಿಂತಿದ್ದಳು.

"ಮತ್ತ ನಿನ್ನ ಮಗಳ ಕೆಲಸ ಏನಂತವಾ ಅದು?" ಕಾಸೀಮಬೀ ಕೇಳಿದಳು. "ನಮ್ಮವರೆಲ್ಲ ಆಟ ಆಡೋ ಕೆಲಸ ಅಂತಾರ."

"ಕಂಪ್ಯೂಟರಿನಾಗ ಮನಿ ಕಟ್ತಾಳ."

"ಬಾಡಿಗಿ ಬರತೈತೇನು?"

"ಬಂದ ದಿನ ಮದಲ ನಿನಗ ಹೇಳ್ತೀನಿ ತಗೋ." ಕಳಕಮ್ಮ ತಿರುಗಿ ನೋಡಿದಳು. "ಏ ಶಿವಲೀಲಾ, ಹೊಸ್ತಿಲ ಮ್ಯಾಲೆ ನಿಂದ್ರಬ್ಯಾಡ ಅಂತ ಎಷ್ಟ ಸಲ ಹೇಳಬೇಕ? ಈಗ ಹಚ್ಚೀನಿ, ಹಸಿ ಐತಿ."

ಶಿವಲೀಲಾ ಕಾಲೆತ್ತಿದಳು. ಹೊಸ್ತಿಲಿಗೆ ಹಚ್ಚಿದ ಅರಿಶಿನ ಅಂಗಾಲಿಗೆ ಮೆತ್ತಿತ್ತು. ಒಳಗೆ ನಡೆದಳು. ಕಡಪದ ಕಲ್ಲಿನ ನೆಲದ ಮೇಲೆ ಹಳದಿ ಹೆಜ್ಜೆ ಮೂಡಿತು. ನಿಂತು ಹೆಜ್ಜೆಯನ್ನು ನೋಡಿದಳು, ತಿರುಗಿ ಹೊಸ್ತಿಲನ್ನು ನೋಡಿದಳು. ಆಮೇಲೆ ಕಪ್ಪು ಕೆಳಗಿಟ್ಟು ನಗತೊಡಗಿದಳು.

"ಏನಾತು?" ಎಂದಳು ಕಳಕಮ್ಮ.

"ಯವ್ವಾ, ನಾ ಇಡೀ ಊರು ಕಟ್ಟೀನಿ, ಒಂದು ಹೊಸ್ತಿಲಕ್ಕೂ ಅರಿಶಿನ ಹಚ್ಚಿಲ್ಲ."

ತಪ್ಪು ಹೇಗಾಯಿತೆಂದು ಕೂಡಲೇ ಹೊಳೆಯಿತು. ಮಾದರಿಗೆಂದು ಅವಳು ಹಳ್ಳಿಗಳಲ್ಲಿ ಫೋಟೋ ತೆಗೆದದ್ದು ಗುರುವಾರಗಳಲ್ಲಿ. ಅಂದು ಆಫೀಸಿನ ಕೆಲಸ ಕಡಿಮೆ. ಶುಕ್ರವಾರ ಹಚ್ಚಿದ್ದು ಗುರುವಾರದ ಹೊತ್ತಿಗೆ ಕಾಲುಗಳಲ್ಲಿ ಸವೆದು ಹೋಗಿರುತ್ತದೆ. ಫೋಟೋದಲ್ಲಿದ್ದಷ್ಟನ್ನೇ ಅವಳು ನಿಷ್ಠೆಯಿಂದ ಬರೆದಿದ್ದಳು. ದಿನಾ ದಾಟುವ ಹೊಸ್ತಿಲನ್ನು ಮಾತ್ರ ನೋಡಿರಲಿಲ್ಲ.

"ಹಚ್ಚವ್ವ ಮತ್ತ," ಎಂದಳು ಕಳಕಮ್ಮ. "ಮಂದಿ ಬಾಳೋ ಮನಿ ಅಂತ ಹೆಂಗ ಗೊತ್ತಾಗಬೇಕು?"

*

ಅಂದೇ ರಜೆ ಹೇಳಿ, ಕನಕಗಿರಿಗೆ ಹೋಗಿ ಅಲ್ಲಿಂದ ಹುಲಿಹೈದರ ಎಂಬ ಹಳ್ಳಿಯ ಬಸ್ಸು ಹಿಡಿದಳು. ಹಸಿ ಅರಿಶಿನ ಬಿಸಿಲಿಗೆ ಹೇಗೆ ಒಣಗುತ್ತದೆ, ಮರದ ಹೊಸ್ತಿಲ ಮೇಲೆ ಹೇಗೆ, ಕಲ್ಲಿನ ಮೇಲೆ ಹೇಗೆ ಎಂದು ಕಣ್ಣಾರೆ ಕಾಣಬೇಕಿತ್ತು. ಕಂಡಕ್ಟರು ಅವಳ ಕೊರಳಿಗೆ ನೇತಾಡುವ ಕ್ಯಾಮೆರಾ ನೋಡಿ, ಕಂಬಕ್ಕೆ ತಗುಲದಂತೆ ಕಿಟಕಿಯ ಸೀಟು ಬಿಡಿಸಿಕೊಟ್ಟ.

ಹೊಸ್ತಿಲುಗಳ ಫೋಟೋ ತೆಗೆಯುತ್ತ ಒಂದು ಓಣಿಗೆ ಬರುವಷ್ಟರಲ್ಲಿ, ಅವಳ ಕ್ಯಾಮೆರಾ ಕಂಡವರಿಂದ, ಸರಕಾರದ ಮನೆಗಳು ಮಂಜೂರಾಗಿವೆ ಎಂಬ ಸುದ್ದಿ ಅವಳಿಗಿಂತ ಮುಂದೆ ಓಡಿತ್ತು. "ನಮ್ಮದೂ ಹೊಡಕೋರಿ ಮೇಡಂ, ಹಿಂದಿನ ಗ್ವಾಡಿ ಬಿದ್ದೈತಿ," ಎಂದ ಒಬ್ಬ. ಆಟಕ್ಕೆ ಬೇಕಾಗಿ ಎಂದು ಅವಳು ಹೇಳಿದರೆ, "ಆಟಕ್ಕೂ ಆಗಲಿ, ಬಿದ್ದ ಗ್ವಾಡಿ ಮಾತ್ರ ಬಿಡಬ್ಯಾಡ್ರಿ," ಎಂದ. ಶಿವಲೀಲಾ ಬಿದ್ದ ಗೋಡೆಯದೂ ತೆಗೆದಳು. ಚೆನ್ನಾಗಿತ್ತು.

ಓಣಿಯ ಕೊನೆಯ ಮನೆಯ ಹೊಸ್ತಿಲು ಎಲ್ಲಕ್ಕಿಂತ ಚಂದವಿತ್ತು. ಅಂಚಿನಿಂದ ಅಂಚಿಗೆ ಹಳದಿ, ನಡುವೆ ಒಂದು ಹೆಜ್ಜೆಯೂ ಬಿದ್ದಿಲ್ಲ. ಒಳಗಿನವರನ್ನು ಕೇಳಿ ತೆಗೆಯೋಣವೆಂದು ಬಾಗಿಲು ಬಡಿದಳು. ಉತ್ತರವಿಲ್ಲ. ಮತ್ತೆ ಬಡಿದಳು.

"ಎಷ್ಟ ಬಡದ್ರೂ ಅಷ್ಟವ್ವ," ಎಂದು ಎದುರು ಮನೆಯಿಂದ ಒಬ್ಬ ಹೆಂಗಸು ನಕ್ಕಳು. ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದ ಅವಳ ಹೆಸರು ಸುಂಕಲಮ್ಮ. "ಅದು ಓಬಳೆಪ್ಪನ ಮನಿ. ಗಂಡ ಹೆಂಡತಿ ಮಂಗಳೂರಿಗೆ ದುಡಿಯಾಕ ಹೋಗ್ಯಾರ. ಒಳಗ ಅಗಳಿ ಹಾಕಿ, ಹಿತ್ತಲ ಬಾಗಿಲಿಗೆ ಕೀಲಿ ಜಡದು ಹೋಗ್ಯಾರ."

"ಮತ್ತ ಹೊಸ್ತಿಲಕ್ಕ ಅರಿಶಿನ ಐತಲ್ರಿ?"

"ನಾ ಹಚ್ಚೀನಿ. ನಮ್ಮದಕ್ಕ ಕಲಸಿದ್ದು ಒಂದಿಷ್ಟು ಉಳೀತೈತಿ. ಎದುರಿಗೇ ಬೋಳು ಹೊಸ್ತಿಲ ನೋಡಾಕ ಮನಸ ಬರಂಗಿಲ್ಲ."

"ಅವರಿಗೆ ಗೊತ್ತೈತೇನ್ರಿ?"

"ಯಾಕ ಗೊತ್ತಾಗಬೇಕು? ಬಂದ ದಿನ ತುಳದು ಒಳಗ ಹೋಗ್ತಾರ, ಅಷ್ಟ." ಸುಂಕಲಮ್ಮ ಮೊರ ಬದಿಗಿಟ್ಟಳು. "ಚಾವಿ ನನ್ನ ಹತ್ರಾನ ಐತಿ. ಒಳಗ ನೋಡಬೇಕಂದ್ರ ಅವರನ್ನ ಕೇಳಬೇಕು. ನೀರು ಬೇಕಂದ್ರ ಇಲ್ಲಿ ಬಾ, ಕೂಡು."

ಓಣಿ ದಾಟುವಾಗ ಶಿವಲೀಲಾ ಕೆಳಗೆ ನೋಡಿದಳು. ಸುಂಕಲಮ್ಮನ ಹೊಸ್ತಿಲಿನಿಂದ ಓಬಳೆಪ್ಪನ ಹೊಸ್ತಿಲಿನವರೆಗೆ ಮಣ್ಣಿನ ಮೇಲೆ ಹಳದಿ ಹನಿಗಳು ಬಿದ್ದಿದ್ದವು. ಬಟ್ಟಲು ಹಿಡಿದು ನಡೆದವಳ ಕೈಯಿಂದ ತುಳುಕಿದ ಹನಿಗಳು. ಅವಳು ಮಂಡಿಯೂರಿ ಅವುಗಳದೂ ಫೋಟೋ ತೆಗೆದಳು. ನೀರು ಕುಡಿಯುವುದು ಅಲ್ಲಿಯೇ ಮರೆತಳು. ಸುಂಕಲಮ್ಮ ತಂಬಿಗೆಯನ್ನು ಅವಳಿದ್ದಲ್ಲಿಗೇ ತಂದುಕೊಟ್ಟಳು.

*

ಸೋಮವಾರ ಉಮಾಪತಿ ಪರದೆಯ ಮುಂದೆ ಕೂತು ಹೊಸ ಊರಿನಲ್ಲಿ ತಿರುಗಿದರು. ಆಟ ಶುರುವಾಗುವುದೇ ಈಗ ಹುಡುಗಿಯ ಮನೆಯ ಹೊಸ್ತಿಲಿನಿಂದ. ಮೊದಲ ಕೆಲಸವೆಂದು ಆಡುವವರು ಅವಳ ಕೈಯಿಂದ ಅರಿಶಿನ ಹಚ್ಚಿಸಬೇಕು. ಹಚ್ಚಿದರೆ ಬಾಗಿಲು ತೆರೆಯುತ್ತದೆ, ಒಳಗಿಂದ ತಾಯಿ ಕರೆಯುತ್ತಾಳೆ. ಅರಿಶಿನ ಎಂದರೇನೆಂದು ತಿಳಿಯದ ದೇಶದವರಿಗೂ ಅಷ್ಟರಿಂದ ತಿಳಿಯಬೇಕು. ಊರಿನಲ್ಲಿ ಹಳದಿ ಹೊಸ್ತಿಲಿನ ಬಾಗಿಲುಗಳು ತೆರೆಯುತ್ತಿದ್ದವು. ಬೋಳು ಹೊಸ್ತಿಲಿನವು ಇಲ್ಲ.

"ಹಳದಿ ಬ್ಯಾಡ ಅಂದಾಕಿ ಊರ ತುಂಬ ಬಳದೀಯಲ್ಲವ್ವ," ಎಂದರು. ಮುಖ ಅರಳಿತ್ತು. ಅಷ್ಟರಲ್ಲಿ ಒಂದು ಮನೆಯ ಮುಂದೆ ನಿಂತರು. ಹೊಸ್ತಿಲು ಹಳದಿ, ಒಳಗಿಂದ ಮೇಕೆಯ ಕೊರಳ ಗಂಟೆಯ ಸದ್ದು. ಬಾಗಿಲು ತೆರೆಯಲಿಲ್ಲ. "ಇದು ಕೆಟ್ಟೈತಲ್ಲೋ ರುದ್ರೇಶ."

"ಕೆಟ್ಟಿಲ್ರಿ. ಮೇಡಂ ಹಂಗ ಇಡು ಅಂದಾರ."

ಶಿವಲೀಲಾ ಓಬಳೆಪ್ಪನ ಮನೆಯ ಕತೆ ಹೇಳಿದಳು. ಮೇಕೆ ಅಲ್ಲಿನ ಹಿತ್ತಲಿಗೆ ನುಗ್ಗಿದೆ, ಚಾವಿ ಎದುರು ಮನೆಯಲ್ಲಿದೆ, ಹೋಗಿ ಕೇಳಬೇಕು. ಉಮಾಪತಿ ಕಡೆಯತನಕ ಕೇಳಿಸಿಕೊಂಡರು. ಆಮೇಲೆ ಎದ್ದು ಫ್ಯಾನು ತಿರುಗಿಸಿದರು.

"ಕತಿ ಛಲೋ ಐತಿ. ಆದ್ರ ಈಗಷ್ಟ ಹಳದಿ ಅಂದ್ರ ತೆರೀತೈತಿ ಅಂತ ಕಲಿಸಿ, ಇಲ್ಲಿ ಸುಳ್ಳು ಮಾಡ್ತೀಯಲ್ಲ. ಆಡೋರು ಇಲ್ಲೇ ಸಿಕ್ಕೊಂಡ್ರ ಊರ ಹೋಗತೈತಿ. ಈ ಒಂದು ಮನಿ ತಗದಬಿಡು, ಊರು ಉಳೀತೈತಿ."

"ಹಳದಿ ಅಂದ್ರ ತೆರೀತೈತಿ ಅಂತ ಅಲ್ಲರಿ. ಇದನ್ನ ನೋಡಿಕೊಳ್ಳೋರು ಅದಾರ ಅಂತ," ಎಂದಳು ಶಿವಲೀಲಾ. "ಹನಿ ಬಿಟ್ಟೀನಿ ಸರ್, ಓಣಿಯಾಗ. ಬೇರೆ ಹೊಸ್ತಿಲ ನಡುವ ಸವದಾವು, ಇದು ಸವದಿಲ್ಲ. ನೋಡೋರಿಗೆ ಗೊತ್ತಾಗತೈತಿ. ಈ ಮನಿ ತಗದ್ರ ಉಳದದ್ದು ಬರೇ ಹಳದಿ ಪೇಂಟು. ಅದಕ್ಕ ರೆಡಿಮೇಡ್ ಊರಾದ್ರೂ ಸಾಕು."

"ಊರು ಹೋದ್ರ?"

"ಹೋಗಂಗಿಲ್ರಿ."

ಅವಳ ದನಿಯಲ್ಲಿ ಹಟವಿರಲಿಲ್ಲ. ಹಿಟ್ಟಿನ ಹದ ಕೈಗೆ ಗೊತ್ತಿದ್ದವಳು ರೊಟ್ಟಿ ಹರಿಯುವುದಿಲ್ಲ ಎಂದು ಹೇಳಿದ ಹಾಗಿತ್ತು. ಉಮಾಪತಿ ಆಟವನ್ನು ಹಾಗೆಯೇ ಕಳಿಸಿಕೊಟ್ಟರು.

*

ವಿಡಿಯೋ ಬಂದ ದಿನ ಮೂವರೂ ಒಂದೇ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಈ ಸಲ ಆಡುತ್ತಿದ್ದವಳು ಕೂದಲು ನರೆತ ಒಬ್ಬ ಹೆಂಗಸು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅರಿಶಿನ ಹಚ್ಚುವಾಗ ತುಸು ನಕ್ಕಳು. ಊರೊಳಗೆ ಬಂದು ಹಳದಿ ಹೊಸ್ತಿಲು ಕಂಡಲ್ಲೆಲ್ಲ ನೇರವಾಗಿ ಹೊಕ್ಕಳು.

ಓಬಳೆಪ್ಪನ ಬಾಗಿಲಿಗೆ ಬಂದಳು. ತಳ್ಳಿದಳು. ಗಂಟೆಯ ಸದ್ದು ಕೇಳಿತು. ಮತ್ತೆ ತಳ್ಳಿದಳು. ಕುರ್ಚಿಗೆ ಒರಗಿ ಕೈ ಹೆಡ್‌ಫೋನಿನ ಕಡೆ ಒಯ್ದಳು.

"ತಗದ್ಲು," ಎಂದ ರುದ್ರೇಶ, ಉಸಿರಿನಲ್ಲಿ.

ತೆಗೆಯಲಿಲ್ಲ. ಕಿವಿಯ ಹತ್ತಿರ ಸರಿಮಾಡಿಕೊಂಡಳು, ಅಷ್ಟೇ. ಕನ್ನಡಕ ಮೇಲಕ್ಕೆ ದೂಡಿ ಮುಂದಕ್ಕೆ ಬಗ್ಗಿದಳು. ಆಟದ ಹುಡುಗಿಯ ನೋಟ ಬಾಗಿಲಿನಿಂದ ಕೆಳಗಿಳಿದು ಹೊಸ್ತಿಲ ಮೇಲೆ ನಿಂತಿತು. ಅಲ್ಲಿಂದ ಮಣ್ಣಿಗೆ ಇಳಿಯಿತು. ಒಂದು ಹನಿ. ಸ್ವಲ್ಪ ಮುಂದೆ ಇನ್ನೊಂದು. ಹೆಂಗಸು ಹುಡುಗಿಯನ್ನು ಹನಿಗಳ ಹಿಂದೆಯೇ ನಿಧಾನವಾಗಿ ನಡೆಸಿಕೊಂಡು ಓಣಿ ದಾಟಿಸಿದಳು. ಎದುರು ಮನೆಯ ಕಟ್ಟೆಯ ಮೇಲೆ ಅರಿಶಿನದ ಬಟ್ಟಲಿತ್ತು. ಅದನ್ನು ಕಂಡು ಅವಳು ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿ, ಆ ಬಾಗಿಲು ಬಡಿದಳು.

"ಏನಂದ್ಲು?" ಎಂದ ರುದ್ರೇಶ.

"ಏನರ ಅನ್ಲಿ," ಎಂದರು ಉಮಾಪತಿ. "ಚಾವಿ ಸಿಕ್ತು." ಕನ್ನಡಕ ಒರೆಸಿಕೊಂಡು ವಿಡಿಯೋದ ಜೊತೆ ಕಂಪನಿಯವರು ಬರೆದು ಕಳಿಸಿದ್ದನ್ನು ಓದಿ ಹೇಳಿದರು. ಆಡಿದ ಉಳಿದವರೂ ಚಾವಿ ಕಂಡುಕೊಂಡಿದ್ದರು. ಒಬ್ಬನಿಗೆ ಮಾತ್ರ ತಡವಾಗಿತ್ತು. ಊರು ಇರಲಿ ಎಂದಿದ್ದರು. "ಇಂಥಾ ಊರು ಇನ್ನೂ ಎರಡು ಬೇಕಂತ. ಮಾಡ್ತೀಯೇನು?"

ಶಿವಲೀಲಾ ವಿಡಿಯೋವನ್ನು ಹಿಂದಕ್ಕೆ ಒಯ್ದು, ಓಣಿಯ ಮಣ್ಣು ಕಾಣುವಲ್ಲಿ ನಿಲ್ಲಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಳು.

"ಈಗ ಏನು ತಪ್ಪೈತವ್ವ?"

"ಹನಿ ಭಾಳ ದುಂಡಗ ಅದಾವ್ರಿ. ನಡಕೋತ ಹೋಗೋರ ಕೈಯಿಂದ ಬಿದ್ದ ಹನಿಗೆ ಹೋದ ದಿಕ್ಕಿಗೆ ಒಂದು ಬಾಲ ಇರತೈತಿ. ಹುಲಿಹೈದರದಾಗ ಇತ್ತು. ಇದು ನಿಂತಲ್ಲೇ ಬಿದ್ದಂಗ ಕಾಣತೈತಿ."

"ಆಕಿಗೆ ತಿಳೀತಲ್ಲ, ದುಂಡಗಿದ್ರೂ," ಎಂದ ರುದ್ರೇಶ.

"ತಿಳೀತು. ಆದ್ರ ಸುಂಕಲಮ್ಮ ನಡದು ಹೋಗಿದ್ಲು."

ಅವಳು ತನ್ನ ಕುರ್ಚಿಗೆ ಹೋಗಿ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಪೆನ್ನು ಎತ್ತಿಕೊಂಡಳು. ಮೊದಲನೆಯ ಹನಿಯನ್ನು ದೊಡ್ಡದಾಗಿಸಿ, ಅದರ ಅಂಚನ್ನು ಓಬಳೆಪ್ಪನ ಬಾಗಿಲಿನ ಕಡೆಗೆ ಕೂದಲೆಳೆಯಷ್ಟು ಎಳೆದಳು. ಕೆಳಗಿನ ಅಂಗಡಿಯಲ್ಲಿ ಯಾರೋ ಬೀಜದ ಚೀಲ ಇಳಿಸುತ್ತಿದ್ದರು. ರುದ್ರೇಶ ಬಂದು ಅವಳ ಡಬ್ಬಿಯ ಮುಚ್ಚಳ ತೆಗೆದಿಟ್ಟು ಹೋದ. ಉಮಾಪತಿ ಎದ್ದು, ಈ ಸಲ ಸಿಟ್ಟಿಲ್ಲದೆಯೇ, ಫ್ಯಾನನ್ನು ಅವಳ ಕಡೆ ತಿರುಗಿಸಿದರು. ಅವಳಿಗೆ ಯಾವುದೂ ಗೊತ್ತಾಗಲಿಲ್ಲ. ಎರಡನೆಯ ಹನಿ ಶುರುವಾಗಿತ್ತು.