ಯಂತ್ರದ ದನಿಯಲ್ಲಿ ಓದಿದ ಪುಟ

ನಾನು ಹೇಳುವುದರಲ್ಲಿ ಅರ್ಧದಷ್ಟನ್ನು ಯಾರೂ ನಂಬುವುದಿಲ್ಲ. ಇದನ್ನು ಮಾತ್ರ ನಂಬಿ, ನಡೆದದ್ದು ಹೀಗೆಯೇ.

ಜಯನಗರದ ಒಂದು ಔಷಧಿ ಅಂಗಡಿಯ ಮೇಲೆ ನಮ್ಮ ಆಫೀಸು. ಶಿಕ್ಷಕರ ಅರ್ಹತಾ ಪರೀಕ್ಷೆ ಬರೆಯುವವರಿಗೆ ಅಭ್ಯಾಸದ ವೆಬ್‌ಸೈಟ್ ಮಾಡುತ್ತೇವೆ. ಪುಟ ಕಟ್ಟುವವನು ನಾನು. ಶೈಕ್ಷಣಿಕ ತಂತ್ರಜ್ಞಾನದಲ್ಲಿ ಡಿಪ್ಲೊಮಾ ಆಗಿದೆ. ಕಣ್ಣು ಕಾಣದವರಿಗೂ ಪುಟ ದಕ್ಕುವಂತೆ ಮಾಡುವುದು ಹೇಗೆ ಎಂಬ ಅಧ್ಯಾಯದಲ್ಲಿ ನನಗೆ ಹತ್ತಕ್ಕೆ ಒಂಬತ್ತು. ಆ ಒಂಬತ್ತು ಅಂಕಪಟ್ಟಿ ಬಿಟ್ಟು ಆಚೆ ಬಂದಿರಲಿಲ್ಲ.

ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ದನಿಯ ಅಣಕು ಮಾತ್ರ ನನಗೆ ಚೆನ್ನಾಗಿ ಬರುತ್ತಿತ್ತು. ಊಟದ ಹೊತ್ತಿನಲ್ಲಿ ಅದೇ ಸಪ್ಪೆ ದನಿಯಲ್ಲಿ "ಪಲ್ಯ. ಮುಚ್ಚಳ ತೆಗೆಯಲು ಎಂಟರ್ ಒತ್ತಿ" ಎಂದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ಸೈಟನ್ನು ಪರೀಕ್ಷಿಸಲು ಚಿಕ್ಕಲಸಂದ್ರದಿಂದ ಶ್ವೇತ ಬಂದರು. ಹುಟ್ಟಿನಿಂದ ಕಣ್ಣು ಕಾಣದವರು, ಬಿ.ಎಡ್. ಮುಗಿಸಿದವರು. ಅರ್ಹತಾ ಪರೀಕ್ಷೆಯಲ್ಲಿ ಎರಡು ಸಲವೂ ಗಣಿತ ಕೈಕೊಟ್ಟಿತ್ತು. ಮೂರನೆಯದಕ್ಕೆ ಐದು ವಾರ ಉಳಿದಿತ್ತು.

"ಅಮ್ಮ ಪ್ರಶ್ನೆ ಓದ್ ಹೇಳ್ತಾರೆ. ಗ್ರಾಫ್ ಬಂದ್ರೆ, ಗೆರೆ ಮೇಲಕ್ಕೋಗಿದೆ ಕಣೇ ಅಂತಾರೆ, ಅಷ್ಟೇ. ನಿಮ್ಮ ಸೈಟ್ ನಡೆದ್ರೆ ನಾನೊಬ್ಳೇ ಕೂತ್ಕೊಂಡು ಓದ್ಬೋದು" ಎಂದು ಲ್ಯಾಪ್‌ಟಾಪ್ ಮುಂದೆ ಕೂತರು.

ನನಗೆ ಆಗಲೇ ಆ ದುರ್ಬುದ್ಧಿ ಬಂದದ್ದು. ತಂತ್ರಾಂಶದ ಸದ್ದು ನಿಲ್ಲಿಸಿ, ಸ್ಪೀಕರಿನ ಪಕ್ಕ ಬಗ್ಗಿ ಕೂತೆ. ಅವರು ಮೊದಲ ಕೀ ಒತ್ತಿದರು.

"ಶ್ವೇತ ಅವರಿಗೆ ಸ್ವಾಗತ. ಕಾಫಿಗೆ ಒಂದು ಒತ್ತಿ. ಮ್ಯಾನೇಜರ್ ರಾಮಪ್ರಸಾದರ ಬೈಗುಳಕ್ಕೆ ಎರಡು ಒತ್ತಿ."

ಹಿಂದೆ ನಿಂತಿದ್ದ ಆಫೀಸಿನವರು ಬಾಯಿ ಮುಚ್ಚಿಕೊಂಡು ನಕ್ಕರು. ಶ್ವೇತ ನಗಲಿಲ್ಲ. ಕೀಲಿಮಣೆಯಿಂದ ಕೈ ತೆಗೆದರು.

"ಯಂತ್ರ ಉಸಿರು ಎಳ್ಕೊಳಲ್ಲ. ಯಾರ್ರೀ ಅದು?"

"ಚಿರಂತ್, ಮೇಡಂ. ಪುಟ ಮಾಡಿದ್ದು ನಾನೇ. ಸುಮ್ನೆ ತಮಾಷೆಗೆ... ಸಾರಿ."

"ದನಿ ಚೆನ್ನಾಗಿದೆ. ನಿಲ್ಲಿಸ್ಬೇಡಿ. ನಿಮ್ಮ ಕಣ್ಣಿಗೆ ಕಾಣೋದನ್ನ ಬಿಡಿ. ಒಳಗೆ ನೀವು ಏನು ಬರೆದಿಟ್ಟಿದೀರೋ ಅದನ್ನ ಅದೇ ದನೀಲಿ ಓದಿ."

ಪುಟದ ಒಳಬರಹ, ಅಂದರೆ ಕೋಡ್, ತೆರೆದೆ. ಯಂತ್ರಕ್ಕೆ ಸಿಗುವುದು ಅದೊಂದೇ. ಓದತೊಡಗಿದೆ. ಮೊದಲು ಮೆನುವಿನ ಹತ್ತೊಂಬತ್ತು ಕೊಂಡಿಗಳು, ಒಂದೊಂದಾಗಿ. ಆಮೇಲೆ ಪ್ರಶ್ನೆ: "ಕೆಳಗಿನ ಯಾವ ಗ್ರಾಫ್ ಸರಿ?" ಆಮೇಲೆ, "ಚಿತ್ರ. ನಾಲ್ಕು ನಾಲ್ಕು ಏಳು ಒಂದು. ಬಟನ್. ಬಟನ್. ಬಟನ್. ಬಟನ್." ನಾಲ್ಕು ಗ್ರಾಫಿದ್ದ ಚಿತ್ರಕ್ಕೆ ನಾನು ಕೊಟ್ಟಿದ್ದ ಹೆಸರು ಅದರ ಕಡತದ ಸಂಖ್ಯೆ ಮಾತ್ರ.

"ಯಾವ ಬಟನ್ ಏನು?" ಎಂದರು ಶ್ವೇತ.

"ಬರೆದಿಲ್ಲ ಮೇಡಂ."

"ಮುಂದಕ್ಕೆ ಓದಿ."

"ಸಮಯ ಮುಗಿಯಿತು" ಎಂದು ಓದಿದೆ. ಒಂದು ಪ್ರಶ್ನೆಗೆ ಒಂದು ನಿಮಿಷ ಎಂದು ಇಟ್ಟವನೂ ನಾನೇ.

ಹಿಂದೆ ಯಾರೂ ನಗುತ್ತಿರಲಿಲ್ಲ. ಅದೇ ದನಿ, ಅದೇ ಬಾಯಿ. ನನ್ನ ಮಿಮಿಕ್ರಿಯನ್ನು ಇಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ. ಶ್ವೇತ ಚೀಲ ಹೆಗಲಿಗೇರಿಸಿಕೊಂಡು, "ಇದ್ರಲ್ಲಿ ನಂಗೆ ಓದಕ್ಕಾಗಲ್ಲ. ಆಯ್ತು, ಅಮ್ಮನೇ ಓದ್ತಾರೆ ಬಿಡಿ" ಎಂದು ಎದ್ದರು. ದನಿಯಲ್ಲಿ ಕೋಪವಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ಒಂದ್ ವಾರ ಕೊಡಿ ಮೇಡಂ" ಎಂದೆ.

"ಸೋಮವಾರ ಸೈಟ್ ಬಿಡ್ಬೇಕಲ್ಲೋ ಗುರು!" ಎಂದರು ರಾಮಪ್ರಸಾದ್.

"ಬಿಟ್ರೆ ಇವರನ್ನ ಆಚೆ ಬಿಟ್ಟಂಗೆ ಸಾರ್."

ರಾಮಪ್ರಸಾದ್ ನನ್ನ ಮುಖವನ್ನೇ ನೋಡಿದರು. ಇದೂ ತಮಾಷೆಯೇ ಎಂದು ಅನುಮಾನವಿತ್ತೋ ಏನೋ. "ಮುಂದಿನ ಶನಿವಾರದ ತನಕ. ಆಮೇಲೆ ಒಂದ್ ದಿನಾನೂ ಇಲ್ಲ."

ಆ ವಾರ ಇನ್ನೂರ ಹನ್ನೆರಡು ಗ್ರಾಫುಗಳನ್ನು ಮಾತಿನಲ್ಲಿ ಬರೆದೆ. ಗೆರೆ ಎಲ್ಲಿಂದ ಹೊರಟು ಎಲ್ಲಿ ಬಾಗಿ ಎಲ್ಲಿ ಮುಟ್ಟುತ್ತದೆ ಎಂದು. ಉತ್ತರವನ್ನು ಬಾಯಿಬಿಡದೆ ಗ್ರಾಫನ್ನು ಹೇಳುವುದು ಎಷ್ಟು ಕಷ್ಟ ಎಂದು ಡಿಪ್ಲೊಮಾದಲ್ಲಿ ಯಾರೂ ಹೇಳಿರಲಿಲ್ಲ. ಬಟನ್‌ಗಳಿಗೆ ಹೆಸರು ಕೊಟ್ಟೆ, ಮೆನು ದಾಟಿ ನೇರ ಪ್ರಶ್ನೆಗೆ ಹೋಗಲು ದಾರಿ ಇಟ್ಟೆ, ಸಮಯದ ಮಿತಿಯನ್ನು ಬೇಕೆಂದಷ್ಟು ಬೆಳೆಸಿಕೊಳ್ಳುವಂತೆ ಮಾಡಿದೆ.

ಶನಿವಾರ ಶ್ವೇತ ಬಂದರು. ಈ ಸಲ ಯಂತ್ರವೇ ಮಾತಾಡಿತು, ನನಗೆ ಒಂದಕ್ಷರವೂ ಹಿಡಿಯದಷ್ಟು ವೇಗವಾಗಿ. ಮೂರೇ ಕೀ ಒತ್ತಿ ಪ್ರಶ್ನೆಗೆ ತಲುಪಿದರು. ನಾಲ್ಕು ಗ್ರಾಫನ್ನೂ ಎರಡೆರಡು ಸಲ ಕೇಳಿಸಿಕೊಂಡರು. ತುಟಿಯಲ್ಲೇ ಲೆಕ್ಕ ಹಾಕಿ, ಮೂರನೆಯದನ್ನು ಒತ್ತಿದರು.

"ಉತ್ತರ ತಪ್ಪು" ಎಂದಿತು ಯಂತ್ರ.

ರಾಮಪ್ರಸಾದ್ ಕೆಮ್ಮಿದರು.

ಶ್ವೇತ ಮೇಜು ಕುಟ್ಟಿ ನಕ್ಕರು. ನಮಗೂ ತಡೆಯಲಾಗದೆ ನಗು ಬಂತು, ಆದರೆ ಅವರಷ್ಟು ಜೋರಾಗಿ ಯಾರಿಂದಲೂ ಆಗಲಿಲ್ಲ. "ತಪ್ಪು ನಂದೇ ಕಣ್ರೀ! ಅಮ್ಮಂದಲ್ಲ, ನಿಮ್ದೂ ಅಲ್ಲ. ಇರಿ, ಇನ್ನೊಂದ್ಸಲ ಮಾಡ್ತೀನಿ."