ಕೋಟಿನ ಸುಖ

ನಮ್ಮ ಯಾರ್ಕ್‌ಶೈರ್ ಕಡೆ ಚಳಿಗಾಲದಲ್ಲಿ ಯಾರ ಮನೆಗಾದರೂ ಹೋಗಿ, ಹೊಸಿಲು ದಾಟುವುದರೊಳಗೆ ಕಿವಿಗೆ ಬೀಳುವ ಮಾತು ಒಂದೇ: "ಕೋಟು ಬಿಚ್ಚಿಡಿ, ಇಲ್ಲಾಂದ್ರೆ ಹೊರಗೆ ಹೋದಾಗ ಅದರ ಸುಖ ಗೊತ್ತಾಗಲ್ಲ." ಮನೆಯೊಳಗೂ ಕೋಟು ತೊಟ್ಟೇ ಕೂತರೆ ಮೈ ಅದಕ್ಕೆ ಒಗ್ಗಿಬಿಡುತ್ತದೆ, ಆಮೇಲೆ ಹಿಮದಲ್ಲಿ ಅದು ಇದ್ದೂ ಇಲ್ಲದ ಹಾಗೆ ಅಂತ ಲೆಕ್ಕ. ಅಮ್ಮ ನಮಗೆ ಹೇಳಿದಳು, ನಾವು ನಮ್ಮ ಮಕ್ಕಳಿಗೆ ಹೇಳಿದೆವು. ಎರಡು ನಿಮಿಷಕ್ಕೆ ಬಂದ ಪಾದ್ರಿಗೂ ಹೇಳುತ್ತೇವೆ, ಶವಪೆಟ್ಟಿಗೆಗೆ ಅಳತೆ ತೆಗೆಯಲು ಬಂದವನಿಗೂ ಹೇಳುತ್ತೇವೆ. ಯಾರೂ ಯೋಚಿಸಿ ಹೇಳುವುದಿಲ್ಲ, ನಾಲಿಗೆ ತಾನೇ ಹೇಳಿಬಿಡುತ್ತದೆ.

ನನ್ನ ತಂಗಿ ಐವಿಯ ಮನೆಯಲ್ಲಿ ಮಾತ್ರ ಆ ಮಾತು ನಿಂತುಹೋಯಿತು.

ಹೋದ ವರ್ಷದ ಚಳಿಗಾಲ. ಅವಳ ಗಂಡ ವಿಲ್ಫ್ ಉಣ್ಣೆ ಗಿರಣಿಯಿಂದ ಬಂದ. ಇವಳು ಎಂದಿನಂತೆ ಆ ಮಾತು ಹೇಳಿದಳು. ಅವನು ಕೋಟು ಬಿಚ್ಚಿ ಗೂಟಕ್ಕೆ ಹಾಕಿ ಚಹಾಕ್ಕೆ ಕೂತ. ಅಷ್ಟರಲ್ಲಿ ಬೀದಿಯಲ್ಲಿ ಗಲಾಟೆ. ಪಕ್ಕದ ಮನೆಯ ಅರುಳುಮರುಳು ಮುದುಕಿ ಹಿಮದ ಬಿರುಗಾಳಿಯಲ್ಲಿ ಎಲ್ಲೋ ಹೊರಟುಹೋಗಿದ್ದಾಳಂತೆ. ವಿಲ್ಫ್ ಇದ್ದ ಹಾಗೆಯೇ, ಅಂಗಿ ಮೇಲಿನ ತೋಳಿಲ್ಲದ ವೇಸ್ಟ್‌ಕೋಟಿನಲ್ಲೇ ಓಡಿದ. ಮುದುಕಿ ಕೊನೆಗೆ ಸಿಕ್ಕಿದ್ದು ಹಿತ್ತಲಿನ ಕಲ್ಲಿದ್ದಲ ಗೂಡಿನಲ್ಲಿ, ಹಾಡು ಗುನುಗುತ್ತ ಕೂತಿದ್ದಳು. ವಿಲ್ಫ್ ಸಿಕ್ಕಿದ್ದು ಮಾರನೇ ಬೆಳಿಗ್ಗೆ, ಊರಾಚೆ ಗುಡ್ಡದ ಕಲ್ಲುಗೋಡೆಯ ಬುಡದಲ್ಲಿ, ಸೆಟೆದುಕೊಂಡು.

ಐವಿ ಹಟ ಹಿಡಿದು ಅವನನ್ನು ಆ ಕೋಟು ತೊಡಿಸಿಯೇ ಹೂಳಿಸಿದಳು. ಕತ್ತಿನವರೆಗೂ ಗುಂಡಿ ಹಾಕಿದವಳು ಅವಳೇ. ನಾನು ಕಣ್ಣಾರೆ ನೋಡಿದ್ದೇನೆ.

ಅದಾದ ಮೇಲೆ ಒಂದು ಮಧ್ಯಾಹ್ನ ಅವಳ ಮನೆಗೆ ಹೋಗಿ ಕೋಟಿನ ಗುಂಡಿ ಬಿಚ್ಚತೊಡಗಿದೆ. ಓಡಿಬಂದು ಕೈ ಹಿಡಿದಳು.

"ಬಿಚ್ಚಬೇಡ ಹಿಲ್ಡಾ."

"ಯಾಕೇ? ಒಲೆ ಧಗಧಗ ಅಂತಿದೆ. ನಾನೇನು ಆಲೂಗಡ್ಡೆನಾ, ಬೇಯೋಕೆ?"

"ಕತ್ತಲಾಗ್ತಾ ವಿಲ್ಫ್ ಬರ್ತಾನೆ. ಕೋಟು ಹಾಕ್ಕೊಂಡೇ ಬಂದು ಸ್ವಲ್ಪ ಹೊತ್ತು ಇರ್ತಾನೆ, ಹಾಗೇ ಹೋಗ್ತಾನೆ. ಬಿಚ್ಚು ಅಂತ ನಾನು ಅನ್ನಲ್ಲ. ನಿನ್ನ ನೋಡಿ ಅವನೂ ಬಿಚ್ಚಿಟ್ರೆ?"

"ತಲೆಗಿಲೆ ಕೆಟ್ಟಿದೆಯೇನೇ? ಸತ್ತೋರಿಗೆ ಎಲ್ಲಿಯ ಚಳಿ?"

"ನೀನು ಸತ್ತು ನೋಡಿದ್ದೀಯಾ?"

ನನಗೆ ಮೈಯೆಲ್ಲ ಉರಿಯಿತು. ಆದರೂ ಒಡಹುಟ್ಟಿದವಳು, ಬಿಡಲಾಗುತ್ತದೆಯೇ? ದಿನಾ ಹೋಗಿ ಒಲೆಯ ಮುಂದೆ ಕೋಟಿನಲ್ಲೇ ಬೆವರುತ್ತ ಕೂರುತ್ತಿದ್ದೆ. ಹೊತ್ತು ಮುಳುಗುವಾಗ ಬಾಗಿಲ ಚಿಲಕ ಒಮ್ಮೆ ಕದಲುತ್ತಿತ್ತು. ಐವಿ ತುಟಿ ಬಿಗಿಹಿಡಿದು ಕೂರುತ್ತಿದ್ದಳು. ಆಮೇಲೆ ಮತ್ತೊಮ್ಮೆ ಕದಲುತ್ತಿತ್ತು, ಅವಳು ಉಸಿರು ಬಿಡುತ್ತಿದ್ದಳು. ಗಾಳಿ ಕಣೇ, ಅನ್ನುತ್ತಿದ್ದೆ ನಾನು. ಸತ್ತವರಿಗೆ ಚಳಿಯಿಲ್ಲ, ಹಸಿವಿಲ್ಲ, ಏನೂ ಇಲ್ಲ ಅಂತ ವರ್ಷವಿಡೀ ತಿದ್ದಿ ತೀಡಿ ಹೇಳಿದೆ. ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ.

ಈ ಸಲ ಮತ್ತೆ ಹಿಮ ಬಿತ್ತು. ಆ ಸಂಜೆ ನಾನು ನಮ್ಮ ಪಾದ್ರಿ ಹಿಮದಲ್ಲಿ ಜಾರಿ, ಕಟುಕನ ನಾಯಿಯ ಮೇಲೆ ಕೂತುಬಿಟ್ಟ ಕಥೆ ಹೇಳುತ್ತಿದ್ದೆ. ಐವಿ ನಕ್ಕಳು. ವಿಲ್ಫ್ ಹೋದಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿರಲೇ ಇಲ್ಲ. ನನ್ನ ಹೊಟ್ಟೆ ತಣ್ಣಗಾಯಿತು. ಬಾಗಿಲಿಗೆ ಬೆನ್ನು ಹಾಕಿ ಬ್ರೆಡ್ಡು ಕೊಯ್ಯುತ್ತ, ಬಿದ್ದು ಬಿದ್ದು ನಗುತ್ತಿದ್ದಳು.

ಚಿಲಕ ಎದ್ದಿತು. ಕಾಲಿಗೆ ತಣ್ಣನೆ ಗಾಳಿ ಬಡಿಯಿತು. ಬೂಟಿನ ಹಿಮ ಕೊಡವಿದ ಸದ್ದು ನನಗೇ ಕೇಳಿಸಿತು.

ಐವಿ ತಿರುಗಲಿಲ್ಲ. ದನಿಯಲ್ಲಿ ನಗು ಇನ್ನೂ ಇತ್ತು. "ಬಾ ಚಿನ್ನ. ಕೋಟು ಬಿಚ್ಚಿಡು, ಇಲ್ಲಾಂದ್ರೆ ಹೊರಗೆ ಹೋದಾಗ..."

ಚಾಕು ಕೈಜಾರಿ ಬಿತ್ತು.

ಬಾಗಿಲು ಹಾರುಹೊಡೆದಿತ್ತು. ಹೊಸಿಲಲ್ಲಿ ಯಾರೂ ಇಲ್ಲ. ಗೂಟದಲ್ಲಿ ಕೋಟು ನೇತಾಡುತ್ತಿತ್ತು. ಮಣ್ಣಿಗೆ ಹಾಕಿದ ಕೋಟು! ಹೆಗಲ ಮೇಲೆ ಹೊಸ ಹಿಮ, ಅಂಚಿಗೆ ಸಮಾಧಿಯ ಕರಿಮಣ್ಣು.

"ಬರೀ ವೇಸ್ಟ್‌ಕೋಟಲ್ಲಿ ಹೋದ!" ಐವಿ ಕಿರುಚಿದಳು. "ಮತ್ತೆ ನಾನೇ ಕಳಿಸಿದೆ ಹಿಲ್ಡಾ, ಮತ್ತೆ ನಾನೇ!"

ಕೋಟು ಕಿತ್ತುಕೊಂಡು ಓಡಿದಳು. ಹೊಸಿಲಲ್ಲಿ ಅವಳ ಸೊಂಟ ಹಿಡಿದುಕೊಂಡೆ. ಬಿಟ್ಟರೆ ಇವಳೂ ಬೆಳಿಗ್ಗೆ ಅದೇ ಗೋಡೆಯ ಬುಡದಲ್ಲಿ ಸಿಗುತ್ತಾಳೆ ಅಂತ ಗೊತ್ತಿತ್ತು. ಒದ್ದಳು, ಪರಚಿದಳು, ನಾನು ಬಿಡಲಿಲ್ಲ. ಆ ಜಗ್ಗಾಟದಲ್ಲಿ ಕೋಟಿನ ಒಳಮೈ ನನ್ನ ಕೆನ್ನೆಗೆ ತಗುಲಿತು. ಬೆಚ್ಚಗಿತ್ತು. ಆಗಷ್ಟೇ ಯಾರೋ ಮೈಯಿಂದ ತೆಗೆದ ಹಾಗೆ ಬೆಚ್ಚಗಿತ್ತು.

ತಂಗಿಯನ್ನು ಒಂದು ಕೈಯಲ್ಲಿ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಆ ಕೋಟು ಎತ್ತಿ ಹಿಡಿದು, ಗುಡ್ಡದ ಕಡೆ ಮುಖ ಮಾಡಿ, ಬೀದಿಗೆ ಬೀದಿಯೇ ಬಾಗಿಲು ತೆರೆಯುವ ಹಾಗೆ ಕೂಗಿದೆ:

"ವಿಲ್ಫ್! ಏ ವಿಲ್ಫ್! ಚಳಿ ಕಣೋ, ಸತ್ತುಹೋಗ್ತೀಯ! ವಾಪಸ್ ಬಾರೋ!"