ಗಿಟಾರಿಗೆ ಲಾಡಿ

ಅಣ್ಣ ಬಸಂತರಾಯ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಸೋಲಾಪುರಕ್ಕೆ ಹೋದ ಮಾರನೆಯ ದಿನ ನಾನು ಅವನ ಗಿಟಾರನ್ನು ಸಿಂದಗಿಯಿಂದ ಇಂಡಿಗೆ ಬಸ್ಸಿನಲ್ಲಿ ಒಯ್ದೆ. ಅವನನ್ನು ಕೇಳಿರಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದ. ಇಪ್ಪತ್ತು ವರ್ಷದಿಂದ ಅವನು ಗಿಟಾರಿನ ಪೆಟ್ಟಿಗೆ ತೆರೆದಿರಲಿಲ್ಲ. ಆಯುಧಪೂಜೆಯ ದಿನ ಮಾತ್ರ ಮೇಲಿನ ಧೂಳು ಒರೆಸಿ ಒಂದು ಚೆಂಡು ಹೂ ಇಡುತ್ತಿದ್ದ.

ಅಶ್ಫಾಕನ ಅಂಗಡಿ ಇಂಡಿ ಬಸ್‌ಸ್ಟ್ಯಾಂಡಿನ ಹಿಂದೆ. ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವುದು ಅವನ ಕಸುಬು. ಅವನ ತಂದೆ ಚಮನಸಾಬರ ಆರ್ಕೆಸ್ಟ್ರಾದಲ್ಲಿಯೇ ಅಣ್ಣ ಹತ್ತು ವರ್ಷ ಗಿಟಾರು ನುಡಿಸಿದ್ದು. ತಂತಿಯ ಅದುರನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಪಿಕಪ್ಪುಗಳು ಎರಡೂ ಸತ್ತಿವೆ ಎಂದು ಅಶ್ಫಾಕ ನೋಡಿ ಹೇಳಿದ. ಹೊಸದು ತರಿಸಿ ಹಾಕುತ್ತೇನೆ, ಗುರುವಾರ ಬನ್ನಿ ಎಂದ. ಅಣ್ಣ ಮರಳುವುದೂ ಗುರುವಾರವೇ. ಸೋಲಾಪುರದ ಬಸ್ಸು ನಾಲ್ಕಕ್ಕೆ ಇಂಡಿಗೆ ಬರುತ್ತದೆ. ಇಳಿದವನು ಅಶ್ಫಾಕನ ಅಂಗಡಿಯಲ್ಲಿ ಚಹಾ ಕುಡಿಯದೆ ಮುಂದೆ ಹೋಗುವವನಲ್ಲ. ಅಷ್ಟರೊಳಗೆ ಗಿಟಾರನ್ನು ಮನೆಗೆ ಸೇರಿಸಿ, ಸರಿಯಾದ ಮಾತು ಹುಡುಕಿ ಹೇಳಬೇಕೆಂದು ನಾನು ಲೆಕ್ಕ ಹಾಕಿದ್ದೆ.

ಗುರುವಾರ ಎರಡು ಗಂಟೆಗೆ ಹೋದರೆ ಗಿಟಾರು ಟೇಬಲ್ಲಿನ ಮೇಲೆ ತಂತಿಗಳಿಲ್ಲದೆ ಮಲಗಿತ್ತು. ವೈರುಗಳೆಲ್ಲ ಹೊರಗೆ ಜೋಲುತ್ತಿದ್ದವು.

“ಬೈಬ್ಯಾಡ್ರಿ ಶೈಲಕ್ಕ,” ಎಂದ ಅಶ್ಫಾಕ. “ಪಿಕಪ್ ಕುಂತಾವ. ಈ ಕಂಟ್ರೋಲ್ ಒಳಗ ಹೊಂಟಿಲ್ಲ. ಮುಂಜಾನಿಂದ ಗುದ್ದಾಡಾಕತ್ತೇನಿ. ಮೋಟರ್ ಆಗಿದ್ರ ಮುಚ್ಚಳ ಬಿಚ್ಚತಿದ್ದೆ. ಇದಕ್ಕ ಹಿಂದ ಬಾಗಿಲ ಇಲ್ಲ.”

ಅದು ಅರ್ಧ ಪೊಳ್ಳು ಗಿಟಾರು. ಮೈಮೇಲೆ ಎರಡು ಬಾಗಿದ ಸೀಳುಗಳಿವೆ. ದನಿ ಏರಿಸಿ ಇಳಿಸುವ ಕಂಟ್ರೋಲುಗಳನ್ನು ವೈರಿನ ಸಮೇತ ಆ ಸೀಳಿನಿಂದಲೇ ಒಳಗೆ ಬಿಟ್ಟು, ಒಂದೊಂದರ ಕಡ್ಡಿಯೂ ಅದರದರ ತೂತಿನಿಂದ ಮೇಲೆ ಬರುವಂತೆ ಮಾಡಬೇಕು. ಬೆರಳು ಅಲ್ಲಿಗೆ ಮುಟ್ಟುವುದಿಲ್ಲ.

“ತಗಿಯುವಾಗ ದಾರ ಕಟ್ಟಿದ್ದಿಲ್ಲೇನಪಾ?”

“ದಾರ ಯಾಕ್ರಿ?”

“ಲಂಗದ ಲಾಡಿ ಬದಲಿ ಮಾಡುವಾಗ ಹಳೇದರ ತುದಿಗಿ ಹೊಸಾದು ಕಟ್ಟಿ ಎಳೀತೇವಿ. ಸುಮ್ನ ಕಿತ್ತು ಒಗದ್ರ ಹೊಸಾದು ಹೆಂಗ ಹೋಗಬೇಕು?”

“ಇದನ್ನ ನನಗ ಯಾರು ಹೇಳಬೇಕ್ರಿ? ನಾ ಪ್ಯಾಂಟ್ ಹಾಕಾಂವ.”

ನನಗೆ ನಗು ಬರಲಿಲ್ಲ. ಗೋಡೆಯ ಗಡಿಯಾರದಲ್ಲಿ ಎರಡೂ ಕಾಲು. ಗಿಟಾರನ್ನು ಎತ್ತಿ ಸೀಳಿನೊಳಗೆ ಇಣುಕಿದೆ. ಹಳೆಯ ಕಟ್ಟಿಗೆ ಮತ್ತು ಅಣ್ಣ ಪೆಟ್ಟಿಗೆಯಲ್ಲಿ ಹಾಕಿಡುತ್ತಿದ್ದ ಕರ್ಪೂರದ ವಾಸನೆ ಬಂತು. ಕಾಲೇಜಿನ ರಜೆಗಳೆಲ್ಲ ಆ ವಾಸನೆಯಲ್ಲೇ ಕಳೆದಿದ್ದವು. ಮನಗೂಳಿ, ಬಾಗೇವಾಡಿ, ಚಡಚಣ, ಎಲ್ಲಿ ಮದುವೆಯೋ ಅಲ್ಲಿಗೆ ಟೆಂಪೋ. ನನಗೂ ಒಂದು ಕೆಲಸವಿತ್ತು. ಆಂಪ್ಲಿಫೈಯರಿನ ಪಕ್ಕದ ಟ್ರಂಕಿನ ಮೇಲೆ ಕೂತು ಅದರ ಕೆಂಪು ಬತ್ತಿ ನೋಡುತ್ತಿರುವುದು. ವೋಲ್ಟೇಜು ಇಳಿದು ಬತ್ತಿ ಮಂಕಾದರೆ ಕೈ ಎತ್ತಬೇಕು. ನನ್ನ ಕೈ ನೋಡಿದ ಕೂಡಲೇ ಅಣ್ಣ ನುಡಿಸುತ್ತಲೇ ಚಮನಸಾಬರಿಗೆ ಕಣ್ಸನ್ನೆ ಮಾಡುತ್ತಿದ್ದ.

ಮುದ್ದೇಬಿಹಾಳದ ಮದುವೆಯಲ್ಲಿ ಬತ್ತಿ ಚೆನ್ನಾಗಿಯೇ ಉರಿಯುತ್ತಿತ್ತು. ಆದರೆ ಶ್ರುತಿ ಮಾಡುವಾಗಲೇ ಗಿಟಾರಿನಲ್ಲಿ ಕರಕರ ಕೇಳಿತು. ಹೇಗೆ ಹೇಳಿದರೆ ಅಣ್ಣ ಗಾಬರಿಯಾಗುವುದಿಲ್ಲ ಎಂದು ಮಾತು ಹುಡುಕುತ್ತ ಕೂತೆ. ಮೂರನೆಯ ಹಾಡಿನ ನಡುವೆ ಗಿಟಾರು ಮೂಕವಾಯಿತು. “ಗಂಟಲ ಕಟ್ಟೇತಿ, ಬಿಸಿನೀರ ಕೊಡ್ರೋ,” ಎಂದು ಯಾರೋ ಕೂಗಿದರು. ಚಪ್ಪರವೆಲ್ಲ ನಕ್ಕಿತು. ಅಣ್ಣನೂ ನಕ್ಕ. ಅಂದು ಮುಚ್ಚಿದ ಪೆಟ್ಟಿಗೆ ಅದು.

ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದೆ. ಚೀಲದಲ್ಲಿ ಕುಪ್ಪಸದ ಕೆಂಪು ದಾರದ ರೀಲು ಇತ್ತು. ಪಿನ್ನಿಗೆ ದಾರ ಕಟ್ಟಿ ಮೇಲಿನ ತೂತಿನಿಂದ ಇಳಿಬಿಟ್ಟೆ. ಅದು ಒಳಗೆಲ್ಲೋ ತೂಗಾಡಿತೇ ಹೊರತು ಸೀಳಿನ ಕಡೆ ಬರಲಿಲ್ಲ.

“ತಡೀರಿ,” ಎಂದ ಅಶ್ಫಾಕ ಹಳೆಯ ಪಿಕಪ್ಪನ್ನು ತಂದು ಸೀಳಿಗೆ ಹಿಡಿದ. “ಇದರ ತಂತಿ ಸತ್ತೈತಿ. ಅಯಸ್ಕಾಂತ ಸತ್ತಿಲ್ಲ.”

ಟಕ್ ಎಂದಿತು. ಪಿನ್ನು ಬಂದು ಅಂಟಿಕೊಂಡಿತ್ತು. ದಾರದ ತುದಿಯನ್ನು ಹೊರಗೆಳೆದು ಕಂಟ್ರೋಲಿನ ಕಡ್ಡಿಗೆ ಕಟ್ಟಿ, ಮೇಲಿನಿಂದ ಜಗ್ಗಿದೆ. ಕಡ್ಡಿ ತೂತಿನಿಂದ ತಲೆ ಎತ್ತಿತು.

“ಗಿಟಾರಿಗೆ ಲಾಡಿ ಹಾಕಿದ್ದು ಇಂಡಿ ತಾಲೂಕಿನ್ಯಾಗ ಇದ ಮೊದಲರಿ.”

“ಮಾತು ಕಡಿಮಿ ಮಾಡು. ಇನ್ನೂ ನಾಕು ತೂತು ಅದಾವ.”

ಐದನೆಯದರ ಗಂಟು ಬಿಚ್ಚಲಿಲ್ಲ. ದಾರ ಕತ್ತರಿಸಿದೆ, ಚೂರು ನಟ್ಟಿನ ಕೆಳಗೇ ಉಳಿಯಿತು. ಅಶ್ಫಾಕ ತಂತಿ ಬಿಗಿದು ಮುಗಿಸುವಾಗ ಬಾಗಿಲಲ್ಲಿ ಬೆಳಕು ತಡೆದಂತಾಯಿತು. ಕಪ್ಪು ಕನ್ನಡಕ ಹಾಕಿಕೊಂಡು ಅಣ್ಣ ನಿಂತಿದ್ದ.

ಅವನು ನನ್ನನ್ನು ನೋಡಿದ, ಗಿಟಾರನ್ನು ನೋಡಿದ. ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ. ಅವನು ಬಗ್ಗಿ, ಕನ್ನಡಕ ತುಸು ಮೇಲೆತ್ತಿ, ಕಂಟ್ರೋಲಿನ ಬುಡ ಮುಟ್ಟಿದ.

“ಇದೇನು ಕೆಂಪು ದಾರ?”

ಅಶ್ಫಾಕ ಫ್ಯಾನು ನೋಡಿದ. “ಲಾಡಿರಿ, ಕಾಕಾ.”

“ಗಿಟಾರಿಗೆ?”

“ಶೈಲಕ್ಕಾರು ಹಾಕ್ಯಾರ್ರಿ.”

“ಸಣ್ಣ ಸಣ್ಣದೂ ಕಾಣತೈತಿ ಅಂತ ಡಾಕ್ಟರ್ ಹೇಳಿದ್ದ,” ಎಂದ ಅಣ್ಣ. “ಖರೇನ ಐತಿ.”

ಅವನ ದನಿಯಲ್ಲಿ ಸಿಟ್ಟಿದೆಯೋ ಇಲ್ಲವೋ ತಿಳಿಯಲಿಲ್ಲ. ಈ ಸಲ ಮಾತು ಹುಡುಕದೆ ಹೇಳಿದೆ: “ಅಣ್ಣಾ, ಮುದ್ದೇಬಿಹಾಳದಾಗ ಹಾಡು ಸುರು ಆಗೂ ಮೊದಲ ನನಗ ಕರಕರ ಕೇಳಿತ್ತು. ನಾ ಹೇಳಲಿಲ್ಲ.”

ಅವನು ದಾರದ ಚೂರನ್ನು ಉಗುರಿನಿಂದ ಜಗ್ಗಿದ. ಬರಲಿಲ್ಲ.

“ನನಗೂ ಕೇಳಿತ್ತು.”

“ಮತ್ತ ಯಾಕ ಸುಮ್ನಿದ್ದಿ?”

“ನಿನ್ನ ಮಾರಿ ನೋಡಿದೆ. ಹೇಳಿದ್ರ ಅಲ್ಲೇ ಅಳಾಕ ಕುಂಡರ್ತೀ ಅಂತ ಬಿಟ್ಟೆ.”

ಅವನು ಸ್ಟೂಲು ಎಳೆದುಕೊಂಡು ಕೂತ. ಅಶ್ಫಾಕ ಮೂಲೆಯಿಂದ ಚಮನಸಾಬರ ಹಳೆಯ ಆಂಪ್ಲಿಫೈಯರನ್ನು ತಂದು ವೈರು ಸಿಕ್ಕಿಸಿದ. ಅಣ್ಣ ಒಂದೇ ತಂತಿ ಮೀಟಿ, ಅದು ಪೂರ್ತಿ ನಿಲ್ಲುವವರೆಗೆ ಕಿವಿಗೊಟ್ಟ.

“ಮೊದಲಿನ ಗುಂಯ್ ಇಲ್ಲ.”

“ಹಳೇವು ಎರಡೂ ಇಟ್ಟೇನಿ ಅಣ್ಣಾ. ಬೇಕಾದ್ರ ತಂತಿ ಸುತ್ತಿಸಿ ತಿರುಗಿ...” ಎಂದೆ.

“ಇರ್ಲಿ ಬಿಡು. ಆ ಗುಂಯ್ ನನಗ ನೆನಪೈತಿ.” ಬೆರಳುಗಳನ್ನು ಒಮ್ಮೆ ಬಿಚ್ಚಿ ಮಡಚಿದ. “ನೀ ಬತ್ತಿ ನೋಡು.”

ಟ್ರಂಕು ಇರಲಿಲ್ಲ. ಒಂದು ಮೋಟರಿನ ಮೇಲೆ ಕೂತು, ಕೆಂಪು ಬತ್ತಿಯ ಮೇಲೆ ಕಣ್ಣಿಟ್ಟೆ. ಅವನು ನುಡಿಸತೊಡಗಿದ.